ಟೈಫೂನ್‌ನ ಸೇಬರ್ ಎಂಜಿನ್: ಎಂಜಿನ್ನೇ ಸರಿ ಇರಲಿಲ್ವಾ, ಇಲ್ಲಾ ಅವಸರ ಜಾಸ್ತಿ ಆಯ್ತಾ?

ಹಳೇರೆಕ್ಕೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಎರಡನೇ ಮಹಾಯುದ್ಧದ ಬ್ರಿಟಿಷ್ ಫೈಟರ್‌ಗಳ ಬಗ್ಗೆ ಓದುತ್ತಾ ಹಾಕರ್ ಟೈಫೂನ್ ಹತ್ತಿರ ಬಂದು ನಿಂತಿದ್ದೇನೆ. ಮುಂದಕ್ಕೆ ಹೋಗೋಕೆ ಆಗುತ್ತಿಲ್ಲ. ಹರಿಕೇನ್ ಮಾಡಿದ ಅದೇ ಸಿಡ್ನಿ ಕ್ಯಾಮ್ ವಿನ್ಯಾಸ, 2,000 ಅಶ್ವಶಕ್ತಿ ದಾಟಿದ ಎಂಜಿನ್, ಕಾಗದದ ಮೇಲೆ ಎಲ್ಲಾ ಚೆನ್ನಾಗಿದೆ. 1941ರ ಸೆಪ್ಟೆಂಬರ್‌ನಲ್ಲಿ ಡಕ್ಸ್‌ಫರ್ಡ್‌ನಲ್ಲಿದ್ದ 56ನೇ ಸ್ಕ್ವಾಡ್ರನ್‌ಗೆ ಮೊದಲ ವಿಮಾನಗಳು ಬಂದವು. ಅಲ್ಲಿಂದ ಶುರು ನೋಡಿ ರಗಳೆ. ಹಾರುತ್ತಿರುವಾಗಲೇ ಎಂಜಿನ್ ಜಾಮ್. ಸ್ಟಾರ್ಟ್ ಮಾಡುವಾಗ ಬೆಂಕಿ. ಕಾಕ್‌ಪಿಟ್ ಒಳಗೆ ಕಾರ್ಬನ್ ಮಾನಾಕ್ಸೈಡ್. ಬಾಲ ಕಿತ್ತುಹೋಗಿ ಬಿದ್ದ ವಿಮಾನಗಳು ಬೇರೆ.

ನನಗೆ ತಲೆಗೆ ಹತ್ತದೇ ಇರುವುದು ಒಂದೇ ವಿಷಯ. ನೇಪಿಯರ್ ಕಂಪನಿಯ ಇದೇ ಸೇಬರ್ ಎಂಜಿನ್ 1940ರ ಜೂನ್‌ನಲ್ಲೇ ಸರ್ಕಾರದ 100 ಗಂಟೆಯ ಪರೀಕ್ಷೆ ಪಾಸ್ ಮಾಡಿತ್ತು. ಬೆಂಚ್ ಮೇಲೆ, ಅಂದರೆ ನೆಲದ ಮೇಲಿನ ಪರೀಕ್ಷಾ ಕಟ್ಟೆಯಲ್ಲಿ, ನೂರು ಗಂಟೆ ಓಡಿದ ಎಂಜಿನ್ ಸ್ಕ್ವಾಡ್ರನ್ ಕೈಗೆ ಬಂದ ಮೇಲೆ 25 ಗಂಟೆಗೇ ಇಳಿಸಿ ಬಿಚ್ಚುವ ಸ್ಥಿತಿಗೆ ಹೇಗೆ ಬಂತು? ವಿನ್ಯಾಸವೇ ತಪ್ಪಿದ್ದರೆ ಪರೀಕ್ಷೆಯಲ್ಲೇ ಗೊತ್ತಾಗಬೇಕಿತ್ತು, ಅಲ್ವಾ? ಯುದ್ಧದ ಅವಸರ ಅಂತ ಎಲ್ಲರೂ ಒಂದೇ ಮಾತಲ್ಲಿ ಮುಗಿಸುತ್ತಾರೆ, ಅದು ನನಗೆ ಸಾಕಾಗುತ್ತಿಲ್ಲ. ಎಂಜಿನ್ ಒಳಗೆ ನಿಜಕ್ಕೂ ಏನು ಕೆಡುತ್ತಿತ್ತು ಅಂತ ಬಲ್ಲವರು ಯಾರಾದರೂ ಬಿಡಿಸಿ ಹೇಳಿ.

ಲೇತ್‌ಮನೆ ಉತ್ತರ:

ಒಳ್ಳೆ ಪ್ರಶ್ನೆ ಸಾರ್. ಉತ್ತರ ನಮ್ಮ ಕಸುಬಿನವರಿಗೆ ಬೇಗ ಅರ್ಥ ಆಗುತ್ತದೆ, ಉಳಿದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು.

ಸೇಬರ್ ಎಂಜಿನ್‌ನಲ್ಲಿ ಮಾಮೂಲಿ ವಾಲ್ವ್ ಇಲ್ಲ. ಸ್ಪ್ರಿಂಗ್ ಇಲ್ಲ, ರಾಕರ್ ಇಲ್ಲ. ಸಿಲಿಂಡರ್‌ಗೂ ಪಿಸ್ಟನ್‌ಗೂ ನಡುವೆ ತೆಳ್ಳಗಿನ ಉಕ್ಕಿನ ಸ್ಲೀವ್ ಇರುತ್ತದೆ. ಲೋಟದೊಳಗೆ ಇನ್ನೊಂದು ಲೋಟ ಕೂರಿಸಿದ ಹಾಗೆ. ಅದು ಮೇಲೆ ಕೆಳಗೆ ಹೋಗುತ್ತಲೇ ಒಂಚೂರು ಆಕಡೆ ಈಕಡೆ ತಿರುಗುತ್ತದೆ. ಸ್ಲೀವ್‌ನಲ್ಲಿರುವ ಕಿಂಡಿ ಸಿಲಿಂಡರ್ ಗೋಡೆಯ ಕಿಂಡಿಗೆ ಸರಿಯಾಗಿ ಬಂದಾಗ ಗಾಳಿ ಪೆಟ್ರೋಲ್ ಒಳಗೆ, ಇನ್ನೊಂದು ಕಿಂಡಿಗೆ ಬಂದಾಗ ಹೊಗೆ ಹೊರಗೆ. ಇಂಥ ಸಿಲಿಂಡರ್ 24. ಇಂಗ್ಲಿಷಿನ ಎಚ್ ಅಕ್ಷರ ಮಲಗಿಸಿದ ಹಾಗೆ ಜೋಡಣೆ, ಎರಡು ಕ್ರ್ಯಾಂಕ್‌ಶಾಫ್ಟ್, ಅವೆರಡನ್ನೂ ಗೇರ್ ಹಾಕಿ ಒಂದೇ ಪ್ರೊಪೆಲ್ಲರ್‌ಗೆ ಸೇರಿಸಿದ್ದರು. ಸ್ಪಾರ್ಕ್ ಪ್ಲಗ್ಗೇ 48. ಫ್ರಾಂಕ್ ಹಾಲ್‌ಫರ್ಡ್ ಅನ್ನುವವರ ವಿನ್ಯಾಸ. ಸುಮಾರು 36.7 ಲೀಟರ್ ಎಂಜಿನ್ ನಿಮಿಷಕ್ಕೆ 3,700 ಸುತ್ತು ತಿರುಗುತ್ತಿತ್ತು ಅಂದರೆ ಆ ಕಾಲಕ್ಕೆ ದೊಡ್ಡ ಮಾತು.

ಈಗ ನಿಮ್ಮ ಪ್ರಶ್ನೆ. ಪರೀಕ್ಷೆಗೆ ಕೊಟ್ಟ ಎಂಜಿನ್ ಅನ್ನು ನೇಪಿಯರ್‌ನ ಪಳಗಿದ ಕೆಲಸಗಾರರು ಕೈಯಿಂದ ಕೂರಿಸಿ, ಉಜ್ಜಿ, ಅಳೆದು, ಮತ್ತೆ ಉಜ್ಜಿ ಜೋಡಿಸಿದ್ದರು. ಸ್ಲೀವ್‌ಗೆ ಸಿಲಿಂಡರ್, ಸಿಲಿಂಡರ್‌ಗೆ ಸ್ಲೀವ್ ಅಂತ ಆರಿಸಿ ಆರಿಸಿ ಹಾಕಿದರೆ ಯಾವ ಎಂಜಿನ್ ಆದರೂ ಓಡುತ್ತದೆ. ಸಾವಿರಗಟ್ಟಲೆ ಮಾಡಿ ಅಂದಾಗ ಆ ಭಾಗ್ಯ ಇಲ್ಲ.

ಲೇತ್ ಮೇಲೆ ತೆಳು ಬುಷ್ (ಲೋಹದ ಬಳೆ) ತಿರುಗಿಸಿದ ಯಾವ ಟರ್ನರ್‌ನ ಬೇಕಾದರೂ ಕೇಳಿ. ಚಕ್‌ನಲ್ಲಿ, ಅಂದರೆ ಲೇತ್‌ನ ಮೂರು ದವಡೆಯ ಹಿಡಿತದಲ್ಲಿ, ಬಿಗಿಯಾಗಿ ಹಿಡಿದಿರುವಾಗ ಅಳತೆಯ ಡಯಲ್ ಇಟ್ಟರೆ ಮುಳ್ಳು ಅಲ್ಲಾಡುವುದೇ ಇಲ್ಲ, ಒಳಗೆ ಪಕ್ಕಾ ದುಂಡು. ದವಡೆ ಸಡಿಲ ಮಾಡಿ ತೆಗೆದು ಮೇಜಿನ ಮೇಲಿಟ್ಟು ಒಳ ಅಳತೆ ನೋಡುವ ಬೋರ್ ಗೇಜ್ ಹಾಕಿದರೆ ಮೂರು ಕಡೆ ಉಬ್ಬು, ಮೂರು ಕಡೆ ತಗ್ಗು. ಲೋಹ ಹಿಡಿತದಿಂದ ಬಿಡಿಸಿಕೊಂಡ ಕೂಡಲೇ ತನ್ನ ಆಕಾರಕ್ಕೆ ವಾಪಸ್ ಹೋಗಿರುತ್ತದೆ. ಶಾಖ ಕೊಟ್ಟು ಹದ ಮಾಡುವಾಗ ಮತ್ತೊಮ್ಮೆ ಸೊಟ್ಟಗಾಗುತ್ತದೆ. ಸ್ಲೀವ್ ದುಂಡಗಿಲ್ಲದಿದ್ದರೆ ಒಂದು ಕಡೆ ಎಣ್ಣೆ ಪದರ ಕಿತ್ತುಹೋಗಿ ಲೋಹಕ್ಕೆ ಲೋಹ ತಿಕ್ಕುತ್ತದೆ, ಇನ್ನೊಂದು ಕಡೆ ಎಣ್ಣೆ ಜಾಸ್ತಿ ನುಗ್ಗಿ ಸುಟ್ಟು ಕರಿ ಕಟ್ಟುತ್ತದೆ. ತಿಕ್ಕಿದ ಕಡೆ ಕಚ್ಚಿಕೊಂಡರೆ ಎಂಜಿನ್ ಸೀಜ್. ಅಷ್ಟೇ ಕಥೆ.

ಪರಿಹಾರ ಸಿಕ್ಕಿದ್ದು ಎದುರಾಳಿ ಕಂಪನಿಯ ಮನೆಯಲ್ಲಿ. ಬ್ರಿಸ್ಟಲ್‌ನವರು ಸ್ಲೀವ್ ವಾಲ್ವ್ ಮೇಲೆ ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಯಾವ ಉಕ್ಕು, ಹೇಗೆ ನೈಟ್ರೈಡ್ ಮಾಡಬೇಕು (ಉಕ್ಕಿನ ಮೈ ಗಟ್ಟಿ ಮಾಡುವುದು), ಹೇಗೆ ಗ್ರೈಂಡ್ ಮಾಡಬೇಕು ಅಂತ ಕಲಿತಿದ್ದರು. ಅವರ ಟಾರಸ್ ಎಂಜಿನ್ ಬೋರೂ (ಸಿಲಿಂಡರ್‌ನ ಒಳ ಅಗಲ) 5 ಇಂಚು, ಸೇಬರ್ ಬೋರೂ 5 ಇಂಚು. ವಿಮಾನ ಉತ್ಪಾದನಾ ಸಚಿವಾಲಯ ನಡುವೆ ಬಂದು ಟಾರಸ್‌ನ ಸ್ಲೀವನ್ನೇ ಸೇಬರ್‌ಗೆ ಹೊಂದಿಸಿ ಮಾಡಿಸಿತು. ಅದರ ಜೊತೆಗೆ ಅಮೆರಿಕದಿಂದ ಸೆಂಟರ್‌ಲೆಸ್ ಗ್ರೈಂಡಿಂಗ್ ಯಂತ್ರಗಳನ್ನು ಕ್ವೀನ್ ಮೇರಿ ಹಡಗಿನಲ್ಲಿ ತರಿಸಿದರು. ಸೆಂಟರ್‌ಲೆಸ್ ಅಂದರೆ ಚಕ್‌ನಲ್ಲಿ ಹಿಡಿಯುವ ಪ್ರಶ್ನೆಯೇ ಇಲ್ಲ, ಹಾಗಾಗಿ ಮೇಲೆ ಹೇಳಿದ ಸೊಟ್ಟದ ತಾಪತ್ರಯವೂ ಕಮ್ಮಿ.

ಕಾಕ್‌ಪಿಟ್‌ಕಿಟ್ಟಿ ಉತ್ತರ:

ಲೇತ್‌ಮನೆ ಅಣ್ಣ ಹೇಳಿದ್ದು ಒಳಗಿನ ಕಥೆ. ನಾನು ಹೊರಗಿನದು ಸ್ವಲ್ಪ ಸೇರಿಸುತ್ತೇನೆ, ಯಾಕಂದರೆ ಎಲ್ಲವನ್ನೂ ಸ್ಲೀವ್ ಮೇಲೆ ಹಾಕಿದರೆ ನ್ಯಾಯ ಆಗಲ್ಲ.

ಮೊದಲಿಗೆ ಬಾಲದ ವಿಷಯ ಎಂಜಿನ್‌ದಲ್ಲ. ಎಲಿವೇಟರ್ ಅಂದರೆ ವಿಮಾನದ ಮೂಗು ಮೇಲೆ ಕೆಳಗೆ ಮಾಡುವ ಬಾಲದ ಪಟ್ಟಿ, ಅದರ ತೂಕ ಸರಿದೂಗಿಸುವ ಭಾಗದ ಬ್ರಾಕೆಟ್ ಲೋಹ ದಣಿದು ಮುರಿಯುತ್ತಿತ್ತು, ಆಮೇಲೆ ಅದುರು ಎದ್ದು ಬಾಲವೇ ಹೋಗುತ್ತಿತ್ತು. ಹಿಂಭಾಗದ ಕೀಲಿನ ಸುತ್ತ ಪಟ್ಟಿ ಹೊಡೆದು ಬಿಗಿ ಮಾಡಿದರು, ಬ್ರಾಕೆಟ್ ಬದಲಿಸಿದರು. ಎರಡು ರೋಗ ಒಂದೇ ವಿಮಾನಕ್ಕೆ ಒಂದೇ ಕಾಲಕ್ಕೆ ಬಂದಿದ್ದರಿಂದ ಪೈಲಟ್‌ಗಳ ಬಾಯಲ್ಲಿ ಎಲ್ಲಾ ಕಲಸಿಹೋಯಿತು.

ಕಾರ್ಬನ್ ಮಾನಾಕ್ಸೈಡ್ ಕೂಡ ಹಾಗೇ. 1941ರ ನವೆಂಬರ್ 1ರಂದು ಒಬ್ಬ ಪೈಲಟ್ ಅದರಿಂದಲೇ ಸತ್ತದ್ದು. ಎಕ್ಸಾಸ್ಟ್ ಹೊಗೆ ಕಾಕ್‌ಪಿಟ್‌ಗೆ ಸೋರುತ್ತಿತ್ತು. ಎಕ್ಸಾಸ್ಟ್ ಕೊಳವೆ ಉದ್ದ ಮಾಡಿ, ಸಂದಿಗಳನ್ನು ಮುಚ್ಚಿ ನೋಡಿದರು. ಪೂರ್ತಿ ವಾಸಿ ಆಗಲೇ ಇಲ್ಲ. ಕೊನೆಗೆ ಎಂಜಿನ್ ಸ್ಟಾರ್ಟ್ ಆದ ಕ್ಷಣದಿಂದ ಇಳಿಯುವವರೆಗೂ ಆಕ್ಸಿಜನ್ ಮಾಸ್ಕ್ ಹಾಕಿಕೊಂಡೇ ಇರಬೇಕು ಅಂತ ನಿಯಮ ಮಾಡಿಬಿಟ್ಟರು.

ಇನ್ನು ಸ್ಟಾರ್ಟ್ ಮಾಡುವುದು. ಕಾಫ್‌ಮನ್ ಸ್ಟಾರ್ಟರ್ ಅಂತ, ಒಂದು ದಪ್ಪ ತೋಟಾ ಸಿಡಿಸಿದರೆ ಅದರ ಗ್ಯಾಸಿನ ಒತ್ತಡಕ್ಕೆ ಎಂಜಿನ್ ತಿರುಗಬೇಕು. ತೋಟಾ ಸಿಡಿಸುವ ಮೊದಲು ಪೆಟ್ರೋಲ್ ಪಂಪ್ ಹೊಡೆಯಬೇಕು. ಕಮ್ಮಿ ಹೊಡೆದರೆ ಎಂಜಿನ್ ಹಿಡಿಯಲ್ಲ, ತೋಟಾ ದಂಡ. ಜಾಸ್ತಿ ಹೊಡೆದರೆ ಮಿಕ್ಕ ಪೆಟ್ರೋಲ್ ಗಾಳಿ ದಾರಿಯಲ್ಲಿ ನಿಂತು ಬಗ್ಗನೆ ಹತ್ತಿಕೊಳ್ಳುತ್ತದೆ. ಅದಕ್ಕೆ ಮೂಗಿನ ಪಕ್ಕದಲ್ಲೇ ಒಬ್ಬ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ನಿಂತಿರುತ್ತಿದ್ದ. ಶತ್ರು ಬಂದ ಅಂತ ಗಂಟೆ ಹೊಡೆದಾಗ ಗಾಬರಿಯಲ್ಲಿ ಎಷ್ಟು ಪಂಪ್ ಹೊಡೆದೆ ಅನ್ನುವುದೇ ಮರೆತುಹೋದರೆ ಏನು ಗತಿ ನೀವೇ ಯೋಚಿಸಿ.

ಚಳಿಗಾಲದಲ್ಲಿ ಎಣ್ಣೆ ಗಟ್ಟಿಯಾಗಿ ಎಂಜಿನ್ ತಿರುಗುತ್ತಲೇ ಇರಲಿಲ್ಲ. ಎರಡೆರಡು ಗಂಟೆಗೊಮ್ಮೆ, ರಾತ್ರಿಯೆಲ್ಲಾ, ಮೆಕ್ಯಾನಿಕ್‌ಗಳು ಎದ್ದು ಹೋಗಿ ಒಂದೊಂದೇ ಎಂಜಿನ್ ಓಡಿಸಿ ಬಿಸಿ ಮಾಡಿ ಬರುತ್ತಿದ್ದರು. ಹಗಲಲ್ಲಿ ಅದೇ ಜನ ಎಂಜಿನ್ ಬಿಚ್ಚಬೇಕು. ನಿದ್ದೆ ಇಲ್ಲದ ಕೈಯಲ್ಲಿ 24 ಸಿಲಿಂಡರ್‌ನ ಎಂಜಿನ್ ಜೋಡಿಸಿದರೆ ತಪ್ಪಾಗದೇ ಇರುತ್ತದಾ?

ಮತ್ತೊಂದು. ಕಾರ್ಖಾನೆಯಿಂದ ಬಂದ ಎಂಜಿನ್ ಬಿಚ್ಚಿದರೆ ಒಳಗೆ ಲೋಹದ ಚೂರು, ಮುರಿದ ಪಿಸ್ಟನ್ ರಿಂಗ್, ಸರಿಯಾಗಿ ತೊಳೆಯದ ಕಾಸ್ಟಿಂಗ್ ಸಿಕ್ಕ ಉದಾಹರಣೆಗಳಿವೆ. ಇದಕ್ಕೆ ವಿನ್ಯಾಸಕಾರ ಏನು ಮಾಡಬೇಕು ಹೇಳಿ. ಸ್ಲೀವ್ ಎಷ್ಟು ದುಂಡಗಿದ್ದರೂ ಅದರ ಮಧ್ಯೆ ಒಂದು ಚೂರು ಸಿಕ್ಕಿದರೆ ಮುಗಿಯಿತು.

ನೇರಮಾತು ಉತ್ತರ:

ಎಲ್ಲಾ ಓದಿದೆ. ಕ್ಷಮಿಸಿ, ನನಗೆ ಇವೆಲ್ಲ ಸೇಬರ್ ಅಭಿಮಾನಿಗಳ ಸಬೂಬು ಥರ ಕಾಣುತ್ತದೆ. ಕೈಯಿಂದ ಉಜ್ಜಿದರೆ ಮಾತ್ರ ಓಡುವ ಎಂಜಿನ್ ವಿನ್ಯಾಸ ಮಾಡಿದರೆ ಅದು ಕೆಟ್ಟ ವಿನ್ಯಾಸವೇ. ಯುದ್ಧಕ್ಕೆ ಬೇಕಾಗಿದ್ದು ಪ್ರದರ್ಶನದ ಎಂಜಿನ್ ಅಲ್ಲ.

ಪಕ್ಕದಲ್ಲೇ ಉದಾಹರಣೆ ಇದೆ ನೋಡಿ. ಕ್ಯಾಮ್ ಒಂದೇ ಕಾಲಕ್ಕೆ ಎರಡು ಫೈಟರ್ ಮಾಡಿದರು. ಸೇಬರ್ ಹಾಕಿದ್ದು ಟೈಫೂನ್, ರೋಲ್ಸ್‌ರಾಯ್ಸ್‌ನ ವಲ್ಚರ್ ಹಾಕಿದ್ದು ಟಾರ್ನೆಡೊ. ಟಾರ್ನೆಡೊ 1939ರ ಅಕ್ಟೋಬರ್‌ನಲ್ಲಿ ಮೊದಲು ಹಾರಿತು, ಟೈಫೂನ್ 1940ರ ಫೆಬ್ರವರಿ 24ಕ್ಕೆ. ವಲ್ಚರ್ ಕೂಡ 24 ಸಿಲಿಂಡರ್, ಅದಕ್ಕೂ ಕನೆಕ್ಟಿಂಗ್ ರಾಡ್ ಕಡೆ ದೊಡ್ಡ ತೊಂದರೆ. ರೋಲ್ಸ್‌ರಾಯ್ಸ್‌ನವರು ಹಟ ಹಿಡಿಯಲಿಲ್ಲ. ಇದು ಬೇಡ, ನಮಗೆ ಮರ್ಲಿನ್, ಗ್ರಿಫನ್ ಎಂಜಿನ್‌ಗಳು ಇವೆ ಅಂತ ಕೈಬಿಟ್ಟರು. ಎರಡು ವಲ್ಚರ್ ಹಾಕಿಕೊಂಡು ಒದ್ದಾಡುತ್ತಿದ್ದ ಮ್ಯಾಂಚೆಸ್ಟರ್ ಬಾಂಬರ್‌ಗೆ ನಾಲ್ಕು ಮರ್ಲಿನ್ ಹಾಕಿದ ಮೇಲೆ ಅದೇ ಲ್ಯಾಂಕಾಸ್ಟರ್ ಆಯಿತು. ಕೈಬಿಡುವ ಧೈರ್ಯ ಇದ್ದವರಿಗೆ ಸಿಕ್ಕ ಫಲ ಅದು.

ಜಪಾನ್ ಕಡೆ ಹೋದರೆ ಇನ್ನೂ ಚೆನ್ನಾಗಿದೆ. ಕವಾಸಾಕಿ ಕಿ-61 ಫೈಟರ್‌ಗೆ ಜರ್ಮನಿಯ ಡೈಮ್ಲರ್ ಬೆನ್ಜ್ 601 ಎಂಜಿನ್ನನ್ನು ಲೈಸೆನ್ಸ್ ತಗೊಂಡು ಅಲ್ಲೇ ಮಾಡಿ ಹಾಕಿದ್ದರು. ಜರ್ಮನಿಯಲ್ಲಿ ಓಡುವ ಎಂಜಿನ್ನೇ. ಜಪಾನ್‌ನಲ್ಲಿ ಮಾಡಿದಾಗ ಕ್ರ್ಯಾಂಕ್‌ಶಾಫ್ಟ್, ಬೇರಿಂಗ್ ಕೈಕೊಟ್ಟವು. 1943ರಲ್ಲಿ ನ್ಯೂಗಿನಿಗೆ ಕಳಿಸಿದರೆ ಅಲ್ಲಿನ ಸೆಕೆ, ತೇವ, ಬಿಡಿಭಾಗದ ಕೊರತೆ ಸೇರಿ ಎಷ್ಟೋ ವಿಮಾನ ನೆಲದಲ್ಲೇ ಉಳಿದವು. ಮುಂದಿನ ಮಾದರಿಯ ಎಂಜಿನ್ ಇನ್ನೂ ರಗಳೆ, ವಿಮಾನದ ಮೈ ತಯಾರಾಗಿ ಎಂಜಿನ್ ಇಲ್ಲದೆ ಸಾಲಾಗಿ ನಿಂತಿದ್ದವು. ಕೊನೆಗೆ ಮಿತ್ಸುಬಿಷಿಯ ದುಂಡು ರೇಡಿಯಲ್ ಎಂಜಿನ್ (ಸಿಲಿಂಡರ್‌ಗಳು ಚಕ್ರದ ಕಡ್ಡಿಗಳ ಹಾಗೆ ಸುತ್ತ ಇರುವುದು) ಹಾಕಿ 1945ರ ಫೆಬ್ರವರಿಯಲ್ಲಿ ಹಾರಿಸಿದರು. ಅದೇ ಕಿ-100. ಅವಸರದಲ್ಲಿ ಮಾಡಿದ್ದು, ಆದರೂ ಪೈಲಟ್‌ಗಳು ಮೆಚ್ಚಿದರು, ಮೆಕ್ಯಾನಿಕ್‌ಗಳು ಅದಕ್ಕಿಂತ ಜಾಸ್ತಿ ಮೆಚ್ಚಿದರು.

ಸೇಬರ್‌ನಿಂದ ಸತ್ತವರಲ್ಲಿ ಟೈಫೂನ್ ಪೈಲಟ್‌ಗಳು ಮಾತ್ರ ಇಲ್ಲ ಅನ್ನುವುದೂ ನೆನಪಿರಲಿ. ಮಾರ್ಟಿನ್-ಬೇಕರ್ ಕಂಪನಿಯ ಎಂಬಿ 3 ಫೈಟರ್‌ಗೂ ಇದೇ ಎಂಜಿನ್. 1942ರ ಸೆಪ್ಟೆಂಬರ್ 12ರಂದು ಹಾರಿದ ಸ್ವಲ್ಪ ಹೊತ್ತಿಗೆ ಎಂಜಿನ್ ನಿಂತು ವ್ಯಾಲೆಂಟೈನ್ ಬೇಕರ್ ತೀರಿಕೊಂಡರು. ಅವರ ಜೊತೆಗಾರ ಜೇಮ್ಸ್ ಮಾರ್ಟಿನ್ ಆಮೇಲೆ ಪೈಲಟ್ ಜೀವ ಉಳಿಸುವ ಕೆಲಸಕ್ಕೇ ಇಳಿದು ಇಜೆಕ್ಷನ್ ಸೀಟ್ ಮಾಡಿದ್ದು.

ಹಳೇರೆಕ್ಕೆ:

ಇಷ್ಟೊಂದು ಬರುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ನೇರಮಾತು ಸಾರ್, ನಿಮ್ಮ ವಾದ ಒಪ್ಪೋಣ ಅನ್ನಿಸುತ್ತದೆ, ಆದರೆ ಒಂದು ಸಣ್ಣ ಅನುಮಾನ. ಎದುರುಗಡೆ ಜರ್ಮನರ ಫೋಕವುಲ್ಫ್ 190 ಬಂದು ಸ್ಪಿಟ್‌ಫೈರ್ 5ಕ್ಕೆ ನೀರು ಕುಡಿಸುತ್ತಿತ್ತು ಅಲ್ವಾ? ಅದರ ಎಂಜಿನ್ ಮೊದಲ ದಿನದಿಂದಲೇ ಸರಿ ಇತ್ತಾ? ಹಾಗಿದ್ದರೆ ಅವರು ಏನು ಬೇರೆ ಮಾಡಿದರು?

ಬಿಸಿಲುರನ್‌ವೇ ಉತ್ತರ:

ಸರಿ ಇತ್ತಾ ಅಂತ ಕೇಳ್ತೀರಲ್ಲ, ಪಾಪ! ಅವರ ಪಾಡು ಇವರಿಗಿಂತ ಏನೂ ಕಮ್ಮಿ ಇರಲಿಲ್ಲ.

ಅದರ ವಿನ್ಯಾಸಕಾರ ಕರ್ಟ್ ಟ್ಯಾಂಕ್ ಮಾಡಿದ ಮೊದಲ ಮಾದರಿ 1939ರ ಜೂನ್ 1ರಂದು ಹಾರಿದ್ದು ಬಿಎಂಡಬ್ಲ್ಯೂ 139 ಎಂಜಿನ್ ಮೇಲೆ. ಕಾಕ್‌ಪಿಟ್ ಎಂಜಿನ್ ಬೆನ್ನಿಗೇ ಅಂಟಿಕೊಂಡಿದ್ದರಿಂದ ಪೈಲಟ್ ಕಾಲು ಬೇಯುವಷ್ಟು ಸೆಕೆ. ಆ ಎಂಜಿನ್ ಬಿಟ್ಟು ಬಿಎಂಡಬ್ಲ್ಯೂ 801ಕ್ಕೆ ಬಂದರು, ಅದು ಭಾರ ಜಾಸ್ತಿ, ತೂಕ ಸರಿದೂಗಿಸಲು ಕಾಕ್‌ಪಿಟ್ ಹಿಂದಕ್ಕೆ ಸರಿಸಿದರು. ಸೆಕೆ ಕಮ್ಮಿ ಆಯಿತು, ಎಂಜಿನ್ ಬಿಸಿ ಮಾತ್ರ ಹಾಗೇ. 14 ಸಿಲಿಂಡರ್ ಎರಡು ಸಾಲು. ಮುಂದಿನ ಸಾಲಿಗೆ ಗಾಳಿ ಬಡಿಯುತ್ತದೆ, ಹಿಂದಿನ ಸಾಲಿಗೆ ಮುಂದಿನವರ ಬಿಸಿ ಉಸಿರು. ಮೂಗಿನಲ್ಲಿ ಪ್ರೊಪೆಲ್ಲರ್‌ಗಿಂತ ಜೋರಾಗಿ ತಿರುಗುವ ಫ್ಯಾನ್ ಇಟ್ಟಿದ್ದರೂ ಹಿಂದಿನ ಸಾಲು ಕಾಯುತ್ತಲೇ ಇತ್ತು. ಜೊತೆಗೆ ಕಮಾಂಡೊಗೆರೇಟ್ ಅಂತ ಒಂದು ಪೆಟ್ಟಿಗೆ. ಪೈಲಟ್ ಒಂದೇ ಲಿವರ್ ತಳ್ಳಿದರೆ ಸಾಕು, ಪೆಟ್ರೋಲ್ ಮಿಶ್ರಣ, ಪ್ರೊಪೆಲ್ಲರ್ ಕೋನ, ಇಗ್ನಿಷನ್ ಟೈಮಿಂಗ್ ಎಲ್ಲಾ ಅದೇ ನೋಡಿಕೊಳ್ಳಬೇಕು. ಚೆನ್ನಾಗಿ ಕೆಲಸ ಮಾಡಿದ ದಿನ ಪೈಲಟ್‌ಗೆ ಸ್ವರ್ಗ. ಮೊದಮೊದಲು ಅದೂ ಕೈಕೊಡುತ್ತಿತ್ತು.

1941ರಲ್ಲಿ ಪರೀಕ್ಷೆ ಮಾಡಲು ಒಂದು ತಂಡ ಕಟ್ಟಿ ಪ್ಯಾರಿಸ್ ಹತ್ತಿರದ ಲಬುರ್ಜೆಗೆ ಕಳಿಸಿದರು. ಎಷ್ಟು ರಗಳೆ ಅಂದರೆ ಈ ವಿಮಾನವೇ ಬೇಡ ಅನ್ನುವ ಮಾತು ಬಂದಿತ್ತು. ಸುಮಾರು 50 ಬದಲಾವಣೆ ಮಾಡಿದ ಮೇಲೆ ಒಪ್ಪಿಗೆ ಸಿಕ್ಕಿತು. ಸ್ಕ್ವಾಡ್ರನ್‌ಗೆ ಬಂದ ಮೇಲೂ ಎಂಜಿನ್ ನಿಂತರೆ ತೇಲಿಕೊಂಡು ದಡ ಸೇರುವ ದೂರ ಬಿಟ್ಟು ಸಮುದ್ರದ ಮೇಲೆ ಹೋಗಬೇಡಿ ಅಂತ ಆದೇಶ ಇತ್ತು. ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ: ಎಕ್ಸಾಸ್ಟ್ ಕೊಳವೆಯ ದಾರಿ ಬದಲಿಸಿದರೆ ಬಿಸಿ ಇಳಿಯುತ್ತದೆ ಅಂತ ಕಂಡುಹಿಡಿದದ್ದು ಫ್ರಾನ್ಸ್‌ನಲ್ಲಿದ್ದ ಸ್ಕ್ವಾಡ್ರನ್‌ನ ತಾಂತ್ರಿಕ ಅಧಿಕಾರಿ. ಕಾರ್ಖಾನೆಯವರಲ್ಲ. ಬೆಂಚ್ ಮೇಲೆ ಫ್ಯಾನಿಟ್ಟು ಗಾಳಿ ಬಿಟ್ಟರೆ ಒಂದು ಥರ. ಬಿಗಿ ಮುಚ್ಚಳದ ಒಳಗೆ, ನೆಲದ ಮೇಲೆ ನಿಧಾನ ಸಾಗುವಾಗ, ಆಮೇಲೆ ಕಾದಾಟದಲ್ಲಿ ಪೂರ್ತಿ ಲಿವರ್ ತಳ್ಳಿದಾಗ ಇನ್ನೊಂದು ಥರ.

ಅದಕ್ಕೇ ನನಗೆ ಕಾಣುವುದು ಇಷ್ಟು. ಎಂಜಿನ್ ಒಳ್ಳೇದಾ ಕೆಟ್ಟದ್ದಾ ಅನ್ನುವುದಕ್ಕಿಂತ ಸ್ಕ್ವಾಡ್ರನ್‌ನಲ್ಲಿ ಕಂಡ ದೋಷ ಕಾರ್ಖಾನೆಗೆ ಎಷ್ಟು ಬೇಗ ಹೋಗಿ ಮುಟ್ಟುತ್ತದೆ ಅನ್ನುವುದು ಮುಖ್ಯ. ಜರ್ಮನರಿಗೆ ಅದು ತಿಂಗಳುಗಳಲ್ಲಿ ಆಯಿತು. ನೇಪಿಯರ್ ವಿಷಯದಲ್ಲಿ ಎಳೆದಾಡಿತು. ಹಾಗಂತ ಜರ್ಮನರು ಯಾವಾಗಲೂ ಗೆದ್ದರು ಅಂತಲ್ಲ. ಮೀ 262 ಜೆಟ್ ನೋಡಿ. 1942ರ ಮಾರ್ಚ್ 25ರಂದು ಎರಡು ಬಿಎಂಡಬ್ಲ್ಯೂ ಜೆಟ್ ಎಂಜಿನ್ ಹಾಕಿ ಹಾರಿಸಿದಾಗ ಎರಡೂ ಕೆಟ್ಟವು. ಮೂಗಿನಲ್ಲಿ ಹಳೇ ಪ್ರೊಪೆಲ್ಲರ್ ಎಂಜಿನ್ ಒಂದನ್ನು ಪುಣ್ಯಕ್ಕೆ ಬಿಟ್ಟಿದ್ದರು, ಅದರಿಂದ ಫ್ರಿಟ್ಜ್ ವೆಂಡೆಲ್ ಹೇಗೋ ಇಳಿಸಿದರು. ಆಮೇಲೆ ಹಾಕಿದ ಯೂಮೋ 004 ಜೆಟ್ ಎಂಜಿನ್ ಯುದ್ಧ ಮುಗಿಯುವವರೆಗೂ 10ರಿಂದ 25 ಗಂಟೆಗಿಂತ ಜಾಸ್ತಿ ಬಾಳಲಿಲ್ಲ. ನಿಕಲ್, ಕ್ರೋಮಿಯಂ ಸಾಲದೆ ಸಾದಾ ಉಕ್ಕಿಗೆ ಅಲ್ಯೂಮಿನಿಯಂ ಲೇಪನ ಕೊಟ್ಟು ಕೆಲಸ ಸಾಗಿಸಿದರು. ಅಲ್ಲಿ ಯಾವ ಸ್ಕ್ವಾಡ್ರನ್ ಅಧಿಕಾರಿ ಬಂದರೂ ನಿಕಲ್ ಹುಟ್ಟಿಸೋಕೆ ಆಗಲ್ಲ.

ಲೇತ್‌ಮನೆ ಉತ್ತರ:

ನೇರಮಾತು ಅವರಿಗೆ ಒಂದೆರಡು ಮಾತು. ಕೈಬಿಡಬೇಕಿತ್ತು ಅನ್ನುತ್ತೀರಿ, ಕೈಬಿಟ್ಟು ಯಾವುದನ್ನು ಹಿಡಿಯಬೇಕಿತ್ತು? ರೋಲ್ಸ್‌ರಾಯ್ಸ್ ಹತ್ತಿರ ಮರ್ಲಿನ್ ಇತ್ತು, ನೇಪಿಯರ್ ಹತ್ತಿರ ಬೇರೇನೂ ಇರಲಿಲ್ಲ. 1942ರಲ್ಲಿ ಫೋಕವುಲ್ಫ್‌ಗಳು ಸಮುದ್ರಕ್ಕೆ ಅಂಟಿಕೊಂಡು ಬಂದು ಇಂಗ್ಲೆಂಡಿನ ದಕ್ಷಿಣ ದಡದ ಊರುಗಳಿಗೆ ಬಾಂಬ್ ಹಾಕಿ ಓಡಿಹೋಗುತ್ತಿದ್ದವು. ಅಷ್ಟು ತಗ್ಗಿನಲ್ಲಿ ಅವನ್ನು ಬೆನ್ನಟ್ಟಿ ಹಿಡಿಯುವ ವೇಗ ಇದ್ದದ್ದು ಟೈಫೂನ್‌ಗೇ. ಎಂಜಿನ್ ಯಾವಾಗ ಕೈಕೊಡುತ್ತದೋ ಅನ್ನುವ ಭಯ ಇಟ್ಟುಕೊಂಡೇ ಹಾರಿಸಿದರು.

ಅವಸರ ಅನ್ನುವ ಮಾತಿಗೂ ಒಂದು ತಿದ್ದುಪಡಿ ಬೇಕು. ಶುರುವಿನಲ್ಲಿ ಆಗಿದ್ದು ಅವಸರ ಅಲ್ಲ, ತಡ. 1940ರ ಮೇನಲ್ಲಿ ಫ್ರಾನ್ಸ್ ಕುಸಿಯುತ್ತಿರುವಾಗ ಸ್ಪಿಟ್‌ಫೈರ್, ಹರಿಕೇನ್ ಸೇರಿ ಐದೇ ಐದು ವಿಮಾನಗಳಿಗೆ ಆದ್ಯತೆ ಅಂತ ತೀರ್ಮಾನ ಆಯಿತು. ಟೈಫೂನ್ ಕೆಲಸ ಹಿಂದೆ ಬಿತ್ತು. ಆಮೇಲೆ ಏಕಾಏಕಿ ಬೇಕು ಅಂದಾಗ ಲಿವರ್‌ಪೂಲ್‌ನ ಹೊಸ ಕಾರ್ಖಾನೆಯಲ್ಲಿ ಹೊಸ ಕೆಲಸಗಾರರನ್ನು ಇಟ್ಟುಕೊಂಡು ಎಂಜಿನ್ ಸುರಿಸಿದರು. ಸ್ಲೀವ್ ಗ್ರೈಂಡಿಂಗ್ ಕಲಿಯಲು ಬೇಕಾದ ಸಮಯ ಮೊದಲೇ ಹೋಗಿತ್ತು.

1942ರ ಡಿಸೆಂಬರ್‌ನಲ್ಲಿ ಇಂಗ್ಲಿಷ್ ಎಲೆಕ್ಟ್ರಿಕ್ ಕಂಪನಿ ನೇಪಿಯರನ್ನು ಕೊಂಡುಕೊಂಡ ಮೇಲೆ ಅಶ್ವಶಕ್ತಿ ಏರಿಸುವ ಹುಚ್ಚು ಬಿಟ್ಟು, ಮೊದಲು ಇರುವುದನ್ನು ನೆಟ್ಟಗೆ ಮಾಡಿ ಅಂತ ಕೂರಿಸಿದರು. 1944ಕ್ಕೆ ಅದೇ ಸೇಬರ್ ಟೆಂಪೆಸ್ಟ್ ವಿಮಾನದಲ್ಲಿ ಕೂತು ವಿ-1 ಹಾರುಬಾಂಬುಗಳನ್ನು ಬೆನ್ನಟ್ಟಿ ಹೊಡೆಯಿತು. ನಾರ್ಮಂಡಿಯಲ್ಲಿ ಇಳಿದಾಗ ಮತ್ತೊಂದು ಕಾಟ ಬಂತು, ಅಲ್ಲಿನ ಮಣ್ಣಿನ ಧೂಳು ಗಾಳಿ ದಾರಿಯಲ್ಲಿ ನುಗ್ಗಿ ಸ್ಲೀವ್ ಸವೆಸಿಬಿಡುತ್ತಿತ್ತು. ಈ ಸಲ ಏರ್ ಫಿಲ್ಟರ್ ಮಾಡಿ ಕೂರಿಸಲು ಹೆಚ್ಚು ದಿನ ಹಿಡಿಯಲಿಲ್ಲ.

ನೇರಮಾತು ಉತ್ತರ:

ಬೆನ್ನಟ್ಟುವ ವಿಷಯ ಒಪ್ಪಿದೆ ಅಣ್ಣ, ಆ ತಗ್ಗಿನಲ್ಲಿ ಬೇರೆ ದಾರಿ ಇರಲಿಲ್ಲ. ಲಿವರ್‌ಪೂಲ್ ಮಾತೂ ಸರಿ. ಆದರೆ ಟಾರಸ್ ಬೋರು 5 ಇಂಚು ಇಲ್ಲದೆ ಐದೂಕಾಲು ಇದ್ದಿದ್ದರೆ? ಬ್ರಿಸ್ಟಲ್‌ನ ಆ ಸ್ಲೀವ್ ಸೇಬರ್ ಒಳಗೆ ಕೂರುತ್ತಲೇ ಇರಲಿಲ್ಲ. ಅದನ್ನು ಯಾರೂ ಯೋಚಿಸಿ ಇಟ್ಟದ್ದಲ್ಲ, ಹೊಂದಿಕೊಂಡಿತು ಅಷ್ಟೇ. ಹಾಗೆ ಅದೃಷ್ಟದಿಂದ ಬದುಕಿದ ಎಂಜಿನ್ನನ್ನು ಒಳ್ಳೆ ವಿನ್ಯಾಸ ಅನ್ನೋಕೆ ನನಗೆ ಈಗಲೂ ಮನಸ್ಸು ಬರುತ್ತಿಲ್ಲ.